ನೀಲಿ ಡ್ರಮ್ಮಿಗೆ ದನದ ಗಂಟೆ

"ಕೂಗಿದ್ರೆ ನಾಲಿಗೆ ಕೊಯ್ತೀನಿ, ಮುದುಕಿ!"

ಡೆಂಬೊನ ಮಚ್ಚು ನನ್ನ ಗಂಟಲ ಮೇಲಿತ್ತು. ಆನೆಯನ್ನೇ ಎರಡು ಹೋಳು ಮಾಡುವಂಥ ಮಚ್ಚು!

"ಕೊಯ್ಯಪ್ಪಾ... ಸಾಯೋವರೆಗೂ ನನ್ನ ಗಂಡ ದೇವರ ಹತ್ರ ಅದನ್ನೇ ಬೇಡ್ಕೊಂಡ."

ಅವನಿಗೆ ನಗು ತಡೆಯಲಾಗಲಿಲ್ಲ. ಅಷ್ಟು ಸಾಕಾಯಿತು. ಹೊಟ್ಟೆಗೆ ಗುದ್ದಿ ವೋಟಿನ ಗುಡಿಸಲಿಂದ ಹೊರಗೆ ಹಾರಿದೆ.

ಓಡಿದೆ! ನನ್ನ ಓಟ ನೋಡಿ ಗ್ಯಾಂಬಿಯಾ ನದಿಯ ಮೊಸಳೆಗಳೇ ದಾರಿ ಬಿಟ್ಟವು. ಹಿಂದೆ ಬಂದ ಡೆಂಬೊ ಭತ್ತದ ಗದ್ದೆಯಲ್ಲಿ ಸೊಂಟದವರೆಗೆ ಹೂತ. ಅದು ನಮ್ಮ ಹೆಂಗಸರ ಗದ್ದೆ. ಎಲ್ಲಿ ಕಾಲಿಡಬೇಕೆಂದು ನಮಗೆ ಮಾತ್ರ ಗೊತ್ತು.

ಆ ಗದ್ದೆಗಾಗಿಯೇ ಇಷ್ಟೆಲ್ಲ. ಬಿಳಿಯರು ಹೊರಡುವ ಮುಂಚಿನ ಚುನಾವಣೆ. ಊರ ಮುಖ್ಯಸ್ಥ ಲಾಂಗ್ ಸೂಸೊನ ತಮ್ಮ ಗೆದ್ದರೆ ಗದ್ದೆಯೆಲ್ಲ ಅವರ ಪಾಲು. ಎದುರು ನಿಂತವನು ನನ್ನ ಅಕ್ಕನ ಮಗ, ಕೇಕೂಟಾ ಮೇಷ್ಟ್ರು. ಅವನಿಗೆ ವೋಟು ತರಿಸುವ ಕಂಟ್ರಾಕ್ಟು ನನ್ನದು.

ನಮ್ಮಲ್ಲಿ ವೋಟು ಅಂದರೆ ಒಂದು ಗೋಲಿ. ಗುಡಿಸಲೊಳಗೆ ಎರಡು ಡ್ರಮ್ಮು. ಕೆಂಪು ಅವರದು, ನೀಲಿ ನಮ್ಮದು. ಕೊಳವೆಗೆ ಗೋಲಿ ಹಾಕಿದರೆ ಒಳಗಿನ ಗಂಟೆ... ಟಿಣ್! ಎರಡಕ್ಕೂ ಒಂದೇ ಸದ್ದು. ವೋಟು ಬಿತ್ತೆಂದು ಹೊರಗೆ ಗೊತ್ತಾಗಬೇಕು. ಯಾರಿಗೆಂದು ಗೊತ್ತಾಗಬಾರದು.

ಬೆಳ್ಳಂಬೆಳಿಗ್ಗೆ ಲಾಂಗ್ ಸೂಸೊನ ಆಳು ಈ ಡೆಂಬೊ ನೀಲಿ ಡ್ರಮ್ಮಿನ ಗಂಟೆ ಬಿಚ್ಚಿ ದನದ ಗಂಟೆ ಕಟ್ಟುತ್ತಿದ್ದ! ನಾನು ಇಣುಕಿ ಸಿಕ್ಕಿಬಿದ್ದಿದ್ದೆ.

ಚುನಾವಣೆ ನಡೆಸುತ್ತಿದ್ದ ಬಿಳಿ ಸಾಹೇಬನ ಮುಂದೆ ಹೋಗಿ ಬಿದ್ದೆ. ಅವನ ಪೆಟ್ಟಿಗೆಗಳು ಆಗಲೇ ಜೀಪು ಹತ್ತಿದ್ದವು.

"ಸಾಹೇಬ್ರೇ, ಗಂಟೆ ಬದಲಾಯಿಸಿದಾರೆ!"

"ಹೊಡ್ಯುತ್ತಾ?"

"ಹೊಡ್ಯುತ್ತೆ, ಆದ್ರೆ..."

"ಮತ್ತೇನಮ್ಮ? ಹೊಡೀಬೇಕು ಅಂತಷ್ಟೇ ಕಾನೂನು."

ಕ್ಯೂ ನಿಂತಿತು. ಮಾವಿನ ಮರದ ಕೆಳಗೆ ಲಾಂಗ್ ಸೂಸೊ ಕಣ್ಣು ಮುಚ್ಚಿ ಕೂತಿದ್ದ. ಕಿವಿ ಮಾತ್ರ ಮೊರದಷ್ಟು ಅಗಲ!

"ಹೆದರಬೇಡ್ರೇ!" ಹೆಂಗಸರ ಕಿವಿಯಲ್ಲಿ ಊದಿದೆ. "ಎಲ್ಲಾರೂ ನೀಲಿಗೇ ಹಾಕಿದ್ರೆ ಯಾರ ಮೇಲೆ ಅಂತ ಸೇಡು ತೀರಿಸ್ಕೋತಾನೆ?"

"ಹಾಗಾದ್ರೆ ನೀನೇ ಮೊದ್ಲು ಹೋಗು, ಯಾಂದೇ ಅಕ್ಕ," ಅಂದಳು ಪಕ್ಕದ ಮನೆಯ ಜೈನಬಾ.

ಹೋದೆ. ಹಾಕಿದೆ.

ಲೊಟಕ್!

ಲಾಂಗ್ ಸೂಸೊ ಒಂದೇ ಕಣ್ಣು ತೆರೆದ. "ಏನಜ್ಜೀ, ನಿನ್ನ ಗೋಲಿಗೆ ಶೀತವಾ?"

ಊರೆಲ್ಲ ನಕ್ಕಿತು... ನಮ್ಮ ಹೆಂಗಸರೂ.

ನನ್ನ ಹಿಂದೆಯೇ ಜೈನಬಾ ಒಳಗೆ ಹೋದಳು.

ಟಿಣ್!

ಹೊರಬಂದವಳು ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಕೆಸರು ಮೆತ್ತಿದ ಕೈಯೊಂದು ನನ್ನ ಕುತ್ತಿಗೆ ಹಿಡಿಯಿತು. ಡೆಂಬೊ! ಕಡಲೆಕಾಯಿ ಗೋದಾಮಿಗೆ ನೂಕಿ ಚಿಲಕ ಹಾಕಿದ. ಬಾಗಿಲು ಗುದ್ದಿದೆ, ಒದ್ದೆ, ಅವನ ಏಳು ತಲೆಮಾರಿಗೆ ಬೈದೆ.

ಎಣಿಕೆ ಮುಗಿದ ಮೇಲೆ ಬಿಟ್ಟರು. ಗದ್ದೆಯಲ್ಲಿ ಲಾಂಗ್ ಸೂಸೊನ ಆಳುಗಳು ಆಗಲೇ ಗೂಟ ಹೊಡೆಯುತ್ತಿದ್ದರು. ಜೈನಬಾಳ ಪಾಲಿಗೂ ಹೊಡೆದರು. ಟಿಣ್ ಅಂದವಳೆಂದು ಬಿಡಲಿಲ್ಲ.

ನೀಲಿ ಡ್ರಮ್ಮಿನಲ್ಲಿ ಒಂದೇ ಒಂದು ಗೋಲಿ ಇತ್ತಂತೆ.

ಕೇಕೂಟಾ ಕಣ್ಣೊರೆಸುತ್ತ ಬಂದ. "ನೋಡಿದ್ಯಾ ಚಿಕ್ಕಮ್ಮಾ, ಎಂಥಾ ಜನ! ನನ್ನ ವೋಟೊಂದು ಬಿಟ್ರೆ ಇನ್ಯಾರೂ ಹಾಕ್ಲಿಲ್ಲ!"

ಅವನ ಬೆನ್ನು ತಟ್ಟಿದೆ.

"ಹೌದು ಕಣಪ್ಪಾ. ನನ್ನ ಗೋಲಿ ದಾರೀಲೆಲ್ಲೋ ಬಿದ್ದುಹೋಯ್ತು."