ಏಳನೇ ಪೆಟ್ಟಿಗೆಯ ಮೂವತ್ತು ಬಾಯಿ

ಹನ್ನೊಂದು ವರ್ಷ ಕಂಡವರ ಬಾಯಿ ಅಳೆದರೂ ಅವನ ಕೆಲಸ ಕಾಯಂ ಆಗಿರಲಿಲ್ಲ. ಅವನ ನಂತರ ಬಂದ ಮೂವರು ಆಗಲೇ ಕಾಯಂ ಆಗಿ, ಕುರ್ಚಿಗೆ ಮೆತ್ತೆ ಹಾಕಿಸಿಕೊಂಡಿದ್ದರು. ಅವರನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಮನುಷ್ಯರ ಹಲ್ಲಿನ ಆಕಾರ ಒಬ್ಬರಿಂದೊಬ್ಬರಿಗೆ ಎಷ್ಟು ಬದಲಾಗುತ್ತದೆಂದು ಪ್ಲಾಸ್ಟರ್ ಅಚ್ಚುಗಳಿಗೆ ಕ್ಯಾಲಿಪರ್ ಹಿಡಿದು ಅಳೆಯುವುದು ಅವನ ಕೆಲಸ. ಎಲ್ಲರ ಬಾಯಲ್ಲೂ ಅವನು ‘ಹಲ್ಲಣ್ಣ’.

"ಏಳನೇ ಪೆಟ್ಟಿಗೇಲಿ ಮೂವತ್ತು ಅಚ್ಚಿದೆ. ಸೋಮವಾರದೊಳಗೆ ಅಳೆದುಕೊಡಿ, ನಿಮ್ಮ ಕಾಯಂ ಪತ್ರಕ್ಕೆ ಸಹಿ ಹಾಕ್ತೀನಿ," ಅಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ಇದ್ದದ್ದು ನಾಲ್ಕು ದಿನ, ಬೇಕಾದದ್ದು ಹತ್ತು. ಮನೆಗೆ ಬಂದರೆ ಹೆಂಡತಿ, "ಈ ಸಲಾನೂ ಆಗ್ಲಿಲ್ಲ ಅಂದ್ರೆ ನಮ್ಮಣ್ಣನ ಮುಂದೆ ಹೇಗ್ರೀ ತಲೆ ಎತ್ತಲಿ?" ಎಂದಳು.

ಆಗಲಿ, ಮೇಡಂ ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದುಕೊಂಡ.

ದಡ್ಡನಾಗಿದ್ದರೆ ಹಳೆಯ ಅಂಕಿಗಳನ್ನೇ ನಕಲು ಮಾಡುತ್ತಿದ್ದ. ಇವನು ಹಾಳೆಯ ಮೇಲೆ ಮೂವತ್ತು ಜನರನ್ನೇ ಹುಟ್ಟಿಸಿದ. ಒಬ್ಬನಿಗೆ ಅಗಲವಾದ ಬಾಚಿಹಲ್ಲು, ಇನ್ನೊಬ್ಬಳ ದವಡೆಹಲ್ಲಿನಲ್ಲಿ ಐದರ ಬದಲು ನಾಲ್ಕೇ ಉಬ್ಬು, ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸ. ಕೈತಪ್ಪು ಎಷ್ಟೆಂದು ತಿಳಿಯಲು ಪ್ರತಿ ಅಚ್ಚನ್ನೂ ಎರಡು ಸಲ ಅಳೆಯುವ ನಿಯಮವಿತ್ತು. ಎರಡನೇ ಸಲಕ್ಕೆ ಬೇರೆ ಪೆನ್ನು ಹಿಡಿದು ಅಂಕಿಗಳನ್ನು ಚೂರು ಹಿಂದೆಮುಂದೆ ಸರಿಸಿದ. ಪೆಟ್ಟಿಗೆಯ ಟೇಪು ಕತ್ತರಿಸಿ, ಮೇಜಿನ ಮೇಲೆ ಒಂದಿಷ್ಟು ಪ್ಲಾಸ್ಟರ್ ಪುಡಿಯನ್ನೂ ಉದುರಿಸಿದ. ಅಚ್ಚುಗಳಿಗೆ ಹೊದಿಸಿದ್ದ ಹತ್ತಿಯನ್ನು ಮಾತ್ರ ಎತ್ತಲಿಲ್ಲ. ಎತ್ತಿ ಆಗಬೇಕಾದ್ದೇನಿತ್ತು?

ಸೋಮವಾರ ಮೇಡಂ ಕೋಣೆಯ ಬಾಗಿಲು ಹಾಕಿಸಿದರು. ಒಂದೊಂದೇ ಹಾಳೆ ತಿರುವಿದರು. ಕಿಟಕಿಯಿಲ್ಲದ ಕೋಣೆ, ಅವನ ಬೆನ್ನು ಬೆವರಿತು. ಅವರು ಪೆನ್ನಿನ ಮುಚ್ಚಳ ತೆಗೆದಾಗ ಅಬ್ಬಾ, ಬದುಕಿದೆ ಎನಿಸಿತು.

"ಮೂವತ್ತೂ ಬೇರೆ ಬೇರೆ ಥರ ಇದೆ, ಅಲ್ವಾ?"

"ಹೌದು ಮೇಡಂ, ಒಂದರ ಹಾಗೆ ಇನ್ನೊಂದಿಲ್ಲ. ಕಣ್ಣು ಕಿತ್ತು ಹೋಗೋ ಹಾಗೆ ಅಳೆದಿದೀನಿ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಕಾಯಂ ಮಾಡೋ ಮುಂಚೆ ಕೈ ಎಷ್ಟು ನಿಖರ ಅಂತ ಪರೀಕ್ಷೆ ಮಾಡ್ತೀವಿ. ಮೊದಲೇ ಯಾರಿಗೂ ಹೇಳಲ್ಲ. ಒಂದೇ ಬಾಯಿಂದ ಮೂವತ್ತು ಅಚ್ಚು ತೆಗೆದು, ಮೂವತ್ತು ನಂಬರ್ ಹಾಕಿ ಕೊಡ್ತೀವಿ. ಅಳತೆ ಎಲ್ಲಾ ಒಂದೇ ಬರಬೇಕು." ಅವನು ಬಾಗಿಲ ಕಡೆ ನೋಡಿದ. ಅವರು ಹಾಳೆಗಳನ್ನು ಅವನತ್ತ ತಳ್ಳಿದರು. "ಆ ಪೆಟ್ಟಿಗೇಲಿ ಇರೋದು ಮೂವತ್ತೂ ನನ್ನ ಹಲ್ಲೇ ಕಣ್ರೀ."