ಚಿತ್ತವಾಡಗಿಯ ಕ್ಯಾಪ್ಸೂಲ್ ಪ್ರಕರಣ

2006ರ ಜುಲೈ 11. ಸಂಡೂರಿನ ಅದಿರು ಲಾರಿ ಓಡಿಸುವ ಮೌನೇಶ್ ಹೊಸಪೇಟೆ ಠಾಣೆಗೆ ಬಂದು ದೂರು ಕೊಟ್ಟ. ಹೆಂಡತಿ ಸುನಿತಾಳ ರಕ್ತದ ಕ್ಯಾನ್ಸರಿಗೆ ಕೊಂಡ ಕ್ಯಾಪ್ಸೂಲುಗಳು ನಕಲಿ; ಹತೋಟಿಯಲ್ಲಿದ್ದ ಬಿಳಿ ರಕ್ತಕಣ ಮತ್ತೆ ಏರಿದೆ. ಎಫ್‌ಐಆರ್ ಆಯಿತು. ಸಂಜೆಯೊಳಗೆ ಔಷಧಿ ಅಂಗಡಿಯ ಕೊಟ್ರಯ್ಯ ಲಾಕಪ್ಪಿನಲ್ಲಿದ್ದ.

ಇನ್‌ಸ್ಪೆಕ್ಟರ್ ಸಿದ್ದಲಿಂಗೇಶ್ ಮುಖ್ಯ ಪೇದೆ ರೇಣುಕಮ್ಮನನ್ನು ಕರೆದುಕೊಂಡು ಸುನಿತಾಳನ್ನು ನೋಡುತ್ತಿದ್ದ ಬಳ್ಳಾರಿಯ ವೈದ್ಯರನ್ನು ಕಂಡರು. ಈ ರೋಗದಲ್ಲಿ ಕೆಟ್ಟುಹೋದ ಒಂದು ಪ್ರೋಟೀನು ರಕ್ತಕಣಗಳಿಗೆ ಒಡೆದು ಎರಡಾಗಿರೆಂದು ಬಿಡುವಿಲ್ಲದೆ ಹೇಳುತ್ತಿರುತ್ತದೆ. ಕ್ಯಾಪ್ಸೂಲಿನ ಅಣು ಅದರ ಬಾಯಿ ಮುಚ್ಚಿಸುತ್ತದೆ, ಅಷ್ಟೆ, ರೋಗ ಹೋಗುವುದಿಲ್ಲ.

"ದಿನಾ ನುಂಗಬೇಕು. ನುಂಗುವಾಗ ಬಸುರಾಗಬಾರದು ಅಂತ ಮೊದಲೇ ಹೇಳಿದ್ದೆ. ಈಗ ಮೂರು ತಿಂಗಳು. ಗುಳಿಗೆ ಕೊಟ್ಟರೆ ಮಗುವಿಗೆ ಕುತ್ತು, ಬಿಟ್ಟರೆ ತಾಯಿಗೆ," ಅಂದರು ವೈದ್ಯರು.

ಆ ಮಾತು ರೇಣುಕಮ್ಮನ ತಲೆಯಿಂದ ಇಳಿಯಲಿಲ್ಲ. ಚಿತ್ತವಾಡಗಿಯ ಮೌನೇಶನ ಮನೆಯಲ್ಲಿ ಪಂಚನಾಮೆ ನಡೆಯುವಾಗ ನೋಡಿದರೆ, ಗುಳಿಗೆಗಳು ಫಾಯಿಲ್ ಪಟ್ಟಿಯಲ್ಲಿರಲಿಲ್ಲ. ಎಲ್ಲವನ್ನೂ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿದ್ದರು. ಪಂಚರ ಎದುರು ಅವಳು ಡಬ್ಬಿಯದೊಂದನ್ನು ಬಿಚ್ಚಿದಳು, ಅಂಗಡಿಯಿಂದ ಜಪ್ತಿ ಮಾಡಿದ್ದ ಹೊಸ ಪಟ್ಟಿಯದೊಂದನ್ನು ಬಿಚ್ಚಿದಳು. ಅಂಗಡಿಯದರಲ್ಲಿ ಹಳದಿ ಛಾಯೆಯ ಪುಡಿ. ಡಬ್ಬಿಯದರಲ್ಲಿ ಅಕ್ಕಿಹಿಟ್ಟು. ಮಾದರಿಗಳಿಗೆ ಸೀಲ್ ಬಿತ್ತು.

"ಡಬ್ಬಿಗೆ ಹಾಕಿದೋರು ಯಾರು?" ರೇಣುಕಮ್ಮ ಕೇಳಿದಳು.

"ನಮ್ಮತ್ತಿರಿ," ಅಂದಳು ಸುನಿತಾ. "ದಿನಾ ಮುಂಜಾನಿ ನೀರು ಹಿಡಕೊಂಡು ಎದುರಿಗೇ ನಿಂದರ್ತಾರ. ನಾ ನುಂಗೋತನ ಚಾ ಸೈತ ಕುಡಿಯಂಗಿಲ್ಲ."

ಅತ್ತೆ ಚೆನ್ನಬಸಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

"ಪುಡಿ ಏನು ಮಾಡಿದ್ರಿ?"

"ಬಚ್ಚಲಕ್ಕ ಚೆಲ್ಲಿದೆ."

"ಸೊಸಿ ಸಾಯ್ಲಿ ಅಂತನಾ?"

"ಸಾಯೋ ಮಾತ್ಯಾಕ್ರಿ. ರಿಪೋರ್ಟ್ ಚಲೋ ಬಂದಿತ್ತು, ಜಡ್ಡು ಹೋತು ಅಂದ್ಕಂಡೆ. ಈ ಗುಳಿಗಿ ಒಂದ ಕೂಸಿಗೆ ಅಡ್ಡ ಇತ್ತು."

"ಮೊಮ್ಮಗು ಅಷ್ಟು ಬೇಕಾಗಿತ್ತಾ?"

"ನನಗ ಬೇಕಾಗಿದ್ದು ಈಕಿ. ಕೂಸಿಲ್ಲ ಅಂತ ಅಂವ ಮರಿಯಮ್ಮನಹಳ್ಳ್ಯಾಗ ಇನ್ನೊಂದು ಹೆಣ್ಣು ನೋಡಿ ಬಂದಾನ. ಕೇಳ್ರಿ ನಿಮ್ಮ ದೂರುದಾರನ್ನ."

ಮೌನೇಶ್ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದ. "ಬರೇ ನೋಡಿ ಬಂದೀನ್ರಿ," ಅಂದ.

ಸಿದ್ದಲಿಂಗೇಶ್ ಠಾಣೆಗೆ ಫೋನ್ ಮಾಡಿ ಕೊಟ್ರಯ್ಯನನ್ನು ಬಿಡಲು ಹೇಳಿದರು. ಬಂಧನದ ಮೆಮೊಗೆ ಚೆನ್ನಬಸಮ್ಮ ಹೆಬ್ಬೆಟ್ಟು ಒತ್ತಿದಳು. ಸೊಸೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಉದ್ದೇಶದಿಂದ ಈ ಕೃತ್ಯ ಎಸಗಿದ್ದಾಗಿ ರೇಣುಕಮ್ಮ ಹೇಳಿಕೆ ಬರೆದುಕೊಂಡಳು. ಬರೆದ ಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದಳು.

ಜೀಪು ಹೊರಡುವಾಗ ಸುನಿತಾ ಬಂದು ಅದರ ಕಂಬಿ ಹಿಡಿದಳು.

"ಅತ್ತಿ, ನಾಳೆ ಮುಂಜಾನಿಂದ ಗುಳಿಗಿ ನುಂಗ್ಲ್ಯಾ, ಬ್ಯಾಡಾ?"

ಚೆನ್ನಬಸಮ್ಮ ರೇಣುಕಮ್ಮನ ಮುಖ ನೋಡಿದಳು. ರೇಣುಕಮ್ಮ ಸುನಿತಾಳ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿದಳು.