ಬಟ್ಟೆ ಒಣಗಿಸುವ ಕೋಣೆ

ಲಾಂಡ್ರಿಯ ಹಿತ್ತಲಲ್ಲಿ ಹೆಂಗಸೊಬ್ಬಳು ಸತ್ತು ಬಿದ್ದಿದ್ದಳು. ಬೆಳಿಗ್ಗೆ ಪಕ್ಕದ ಮನೆಯವರು ಕಂಡರು. ತಲೆ ಒಡೆದಿತ್ತು. ಮೊಣಕೈ ತರಚಿತ್ತು. ಮೇಲೆ ಸಣ್ಣ ಕಿಟಕಿಯ ಗಾಜು ಪುಡಿಯಾಗಿತ್ತು.

ಆ ಕಿಟಕಿಯಿದ್ದ ಒಣಗಿಸುವ ಕೋಣೆಗೆ ಹೊರಗಿನಿಂದ ಬೀಗ. ಎರಡು ದಿನದಿಂದ ಮನೆ ಕಾಣದ ಇನ್ಸ್‌ಪೆಕ್ಟರ್ ಆಕಳಿಸುತ್ತಲೇ ಕೇಳಿದಳು, "ಕೀಲಿ?"

"ಇಸ್ತ್ರಿಯವನ ಹತ್ರ, ಮೇಡಂ," ಎಂದ ಮ್ಯಾನೇಜರ್. "ನಿನ್ನೆ ಕೆಲಸದಿಂದ ತೆಗೆದೆ. ಸತ್ತವಳು ಅವನ ಅಕ್ಕ. ಇಬ್ಬರೂ ಬಾಯಿಗೆ ಬಂದ ಹಾಗೆ ಬೈದಾಡಿದ್ರು."

"ಒಳಗೆ ಯಾರಿದ್ದಾರೆ?"

"ನಂಗೇನು ಗೊತ್ತು? ನಾನು ಸಂಜೆನೇ ಮನೆಗೆ ಹೋದೆ."

ಪೇದೆ ಚಿಲಕ ಕಿತ್ತ. ಬೀಗ ಹಾಗೇ ಉಳಿಯಿತು. ಒಳಗೆ ಇನ್ನೂ ನಾಲ್ವರು ಹೆಂಗಸರು, ಮಡಿಸಿಟ್ಟ ಬೆಡ್‌ಶೀಟುಗಳ ಮೇಲೆ ನಿದ್ದೆ ಹೋದಂತೆ, ಉಸಿರಿಲ್ಲದೆ. ಇದ್ದಿಲ ಒಲೆಯ ಹೊಗೆಕೊಳವೆ ಒಡೆದು ಬಾಯಿಬಿಟ್ಟಿತ್ತು.

*

"ಅಕ್ಕನ ಜೊತೆ ಜಗಳ ಆಡಿದ್ಯಾ?"

"ಆಡಿದೆ," ಎಂದ ಇಸ್ತ್ರಿಯವನು, ಲಾಕಪ್ಪಿನ ನೆಲ ನೋಡುತ್ತ. "ಆ ಕೋಣೇಲಿ ಇರಬೇಡ ಕಣೇ ಅಂತ. ಕೊಳವೆ ಒಡೆದಿದೆ ಅಂತ ಮ್ಯಾನೇಜರ್‌ಗೂ ಹೇಳ್ದೆ. ಅದಕ್ಕೇ ನನ್ನ ತೆಗೆದ."

"ಕೀಲಿ?"

"ನಂಗ್ಯಾರು ಕೊಡ್ತಾರೆ ಮೇಡಂ? ಕಾಲುಚೀಲ ಕದೀತೀನಿ ಅಂತ ಜೇಬು ತಡಕಿ ಕಳಿಸ್ತಿದ್ರು."

ಇನ್ಸ್‌ಪೆಕ್ಟರ್‌ಗೆ ನಂಬಬೇಕೆನಿಸಿತು. ನಂಬಿಕೆ ಕೋರ್ಟಿನಲ್ಲಿ ನಡೆಯುವುದಿಲ್ಲ.

ಫೋನ್ ಬಂತು. ಪತ್ರಿಕೆಯ ಉಪಸಂಪಾದಕ.

"ಮೇಡಂ, ಒಟ್ಟು ಎಷ್ಟು ಜನ? ಮ್ಯಾನೇಜರ್ ಫೋನ್ ಮಾಡಿ, ಇಸ್ತ್ರಿಯವನು ಮಾರಣಹೋಮ ಮಾಡಿದಾನೆ ಅಂತ ಹಾಕಿ ಅಂದ. ನಾನು, 'ಹಿತ್ತಲಲ್ಲಿ ಒಂದು ಹೆಣ ಅಂತೀರಿ, ಅದು ಕೊಲೆ ಕಣ್ರೀ, ಹಿಂಡುಗಟ್ಟಲೆ ಸತ್ತರೆ ಆ ಪದ' ಅಂದೆ. ಅವನು, 'ಬರೀರಿ, ಆಮೇಲೆ ನನ್ನ ನೆನೆಸ್ಕೋತೀರಿ' ಅಂದ."

"ಯಾವಾಗ?"

"ಬೆಳಿಗ್ಗೆನೇ. ಪೊಲೀಸರು ಇನ್ನೂ ಬಂದಿಲ್ಲ ಅಂದಿದ್ದ."

*

"ಚಿಲಕ ಕೀಳೋವರೆಗೂ ನಮಗೆ ಗೊತ್ತಿದ್ದದ್ದು ಒಂದೇ ಹೆಣ," ಎಂದಳು ಇನ್ಸ್‌ಪೆಕ್ಟರ್. "ನೀನು ಆಗಲೇ ಮಾರಣಹೋಮ ಅಂದೆ."

"ಬಾಯಿತಪ್ಪಿ ಬಂತು," ಎಂದ ಮ್ಯಾನೇಜರ್.

"ಪತ್ರಿಕೆಯವರು ತಿದ್ದಿದರೂ ಬಿಡಲಿಲ್ಲವಲ್ಲ. ಕೀಲಿಗೊಂಚಲು ತೆಗಿ."

ಮೂರನೆಯ ಕೀಲಿಗೆ ಬೀಗ ತೆರೆಯಿತು. ಮ್ಯಾನೇಜರ್ ಒಪ್ಪಿಕೊಂಡ.

ಆಸ್ಪತ್ರೆಯೊಂದರ ಬಟ್ಟೆ ಬೆಳಗಾಗುವುದರೊಳಗೆ ಒಣಗಬೇಕಿತ್ತು. ಯಾರೂ ಮನೆಗೆ ಹೋಗದಿರಲೆಂದು ಬೀಗ ಹಾಕಿದ್ದ. ಬಿಸಿ ಹೊರಹೋಗದಿರಲೆಂದು ಕಿಟಕಿ ಮುಚ್ಚಿಸಿದ್ದ. ಒಡೆದ ಕೊಳವೆಯ ಹೊಗೆಗೆ ಎಲ್ಲರಿಗೂ ಉಸಿರುಗಟ್ಟಿತು; ಇಸ್ತ್ರಿಯವನ ಅಕ್ಕ ಮಾತ್ರ ಗಾಜು ಒಡೆದು ನುಸುಳಿದಳು, ತಲೆಕೆಳಗಾಗಿ ಬಿದ್ದಳು. ಬೆಳಿಗ್ಗೆ ಮ್ಯಾನೇಜರ್ ಬಾಗಿಲು ತೆರೆದ, ನೋಡಿದ, ಮತ್ತೆ ಬೀಗ ಹಾಕಿದ. ಪತ್ರಿಕೆಯಲ್ಲಿ ದೊಡ್ಡ ಪದ ಬಿದ್ದರೆ ಊರು ಕೊಲೆಗಾರನನ್ನು ಹುಡುಕುತ್ತದೆ. ಕೊಳವೆಯನ್ನಲ್ಲ.

ಇಸ್ತ್ರಿಯವನನ್ನು ಬಿಟ್ಟರು. ಅಕ್ಕನ ಚಪ್ಪಲಿ ಕೇಳಿದ. ಅದು ಸಾಕ್ಷ್ಯ, ಕೊಡುವ ಹಾಗಿರಲಿಲ್ಲ.

ಉಪಸಂಪಾದಕ ಮತ್ತೆ ಫೋನ್ ಮಾಡಿದ. "ಐದು ಹೆಣ, ಮೇಡಂ. ಈಗ ಆ ಪದ ಹಾಕಬಹುದಲ್ವಾ?"

"ಕೊಲ್ಲಬೇಕು ಅಂತ ಕೊಂದ್ರೆ ತಾನೇ ಅದು?"

"ಹೌದು."

"ಹಾಗಾದ್ರೆ ಬೇಡ," ಎಂದಳು. "ಈ ಮ್ಯಾನೇಜರ್‌ಗೆ ಬಟ್ಟೆ ಒಣಗಿದ್ರೆ ಸಾಕಿತ್ತು."